ಹಂಚಿನ ಕಾರ್ಖಾನೆಯ ಜಾಗದಲ್ಲಿ ಮೊದಲು ನೀರಿನ ನಕ್ಷೆ ಬರೆದೆ

ನಕ್ಷೆ ಹಾಕಿಕೊಡಲು ನನ್ನ ಕೈಗೆ ಬಂದದ್ದು ಒಂಬತ್ತು ಎಕರೆ. ನೇತ್ರಾವತಿ ದಂಡೆ, ಬೀಗ ಬಿದ್ದ ಹಂಚಿನ ಕಾರ್ಖಾನೆ, ಮಾಡು ಕುಸಿದ ಶೆಡ್ಡುಗಳು, ಒಂದು ಚಿಮಿಣಿ, ಎಲ್ಲಿ ಅಗೆದರೂ ಒಡೆದ ಹಂಚಿನ ಚೂರು. ಮಂಗಳೂರಿನವರಿಗೆ ಇಂಥ ಜಾಗ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚು ಸುಡಲು ಶುರು ಮಾಡಿದ ಮೇಲೆ ದಂಡೆಯಲ್ಲಿ ಒಂದೊಂದಾಗಿ ಕಾರ್ಖಾನೆಗಳು ಬಂದವು. ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ದೋಣಿಯಲ್ಲೇ ಹೋಗುತ್ತಿತ್ತು. ಹಾಗಾಗಿ ಈ ಕಾರ್ಖಾನೆಯ ಮುಖ ಇರುವುದು ನದಿಗೆ, ರಸ್ತೆಗೆ ಬೆನ್ನು.

ಇಲ್ಲೊಂದು ಬಡಾವಣೆ ಯೋಜಿಸಬೇಕಿತ್ತು. ನನ್ನ ಮೊದಲ ನಕ್ಷೆಯಲ್ಲಿ ದಂಡೆಗೆ ಕಲ್ಲಿನ ತಡೆಗೋಡೆ, ಒಳಗೆ ಒಂದೂವರೆ ಮೀಟರ್ ಮಣ್ಣು ತುಂಬಿಸಿ ಅದರ ಮೇಲೆ ಮನೆಗಳು. ಹಿಂದಿನ ಓಣಿಯಲ್ಲಿ ಕಾರ್ಖಾನೆಯ ಹಳೆ ಕೆಲಸಗಾರರ ಮನೆಗಳಿವೆ. ಅಲ್ಲಿನ ಒಬ್ಬ ಅಜ್ಜಿ ನಕ್ಷೆ ನೋಡಿ ಒಂದೇ ಮಾತು ಕೇಳಿದರು. "ನೀನು ಮಣ್ಣು ಹಾಕಿ ಎತ್ತರ ಮಾಡ್ತಿ ಮಗಾ, ಆಗ ಆ ನೀರು ನಮ್ಮ ಮನೆಗೆ ಬರ್ತದೆ ಅಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನಕ್ಷೆಯನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಒಂದು ಇಡೀ ವರ್ಷ ನೀರನ್ನು ನೋಡಿದೆವು. ಹಳೆಯ ಕಡವಿನ (ದೋಣಿ ನಿಲ್ಲುವ ಜಾಗದ) ಕಂಬಕ್ಕೆ ಸೆಂಟಿಮೀಟರ್ ಗುರುತು ಹಾಕಿ, ಅಮಾವಾಸ್ಯೆ ಹುಣ್ಣಿಮೆಗೆ ತಪ್ಪದೆ ಬರೆದುಕೊಂಡೆವು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ) ನಕ್ಷೆಯಲ್ಲಿ ಭರತದ (ಸಮುದ್ರದ ಉಬ್ಬರದ) ಗೆರೆ ಇದೆ ನಿಜ, ಆದರೆ ಅದು ದೊಡ್ಡ ಭರತದ ದಿನ ನೀರು ಮುಟ್ಟುವ ಗೆರೆ, ಘಟ್ಟದಲ್ಲಿ ಮಳೆ ಹೊಯ್ದು ಹೊಳೆ ಕೆಂಪಾಗಿ ಇಳಿಯುವಾಗ ಸಮುದ್ರವೂ ಏರಿದ್ದರೆ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಅದರಲ್ಲಿ ಸಿಗುವುದಿಲ್ಲ. 1923ರ ಮಾರಿಬೊಳ್ಳ (ಮಹಾ ನೆರೆ), 1974ರ ನೆರೆ, ಈ ಹೊಳೆಯ ದಂಡೆಯವರು ಇವತ್ತಿಗೂ ನೆನೆಯುವ ವರ್ಷಗಳು. ಹಳೆ ಶೆಡ್ಡಿನ ಗೋಡೆಯಲ್ಲಿ ಇನ್ನೂ ಕಾಣುವ ಕೆಸರಿನ ಗೆರೆಗಳನ್ನು ಅಳೆದು, ಓಣಿಯವರು ತೋರಿಸಿದ ಮೆಟ್ಟಿಲುಗಳ ಎತ್ತರ ಸೇರಿಸಿ, ನಮ್ಮದೇ ಒಂದು ಗೆರೆ ಎಳೆದೆವು. ಒಂಬತ್ತರಲ್ಲಿ ಮೂರು ಎಕರೆ ಆ ಗೆರೆಯ ಕೆಳಗೆ ಬಿತ್ತು. ಮಾಲೀಕರಿಗೆ ಇದನ್ನು ಒಪ್ಪಿಸುವುದು ಸುಲಭ ಆಗಲಿಲ್ಲ.

ಅವರನ್ನು ಒಪ್ಪಿಸಿದ್ದು ಒಂದು ಲೆಕ್ಕ. ಜುಲೈಯಲ್ಲಿ ಒಂದೇ ದಿನ 100 ಮಿಲಿಮೀಟರ್ ಮಳೆ ನಮಗೆ ಮಾಮೂಲು. ಒಂಬತ್ತು ಎಕರೆಗೆ ಅದು 36 ಲಕ್ಷ ಲೀಟರ್ ದಾಟುತ್ತದೆ. ಭರತದ ಹೊತ್ತಿಗೆ ಹೊಳೆ ಸೇರುವ ತೋಡಿನ ಬಾಯಲ್ಲಿ ಹೊಳೆಯ ನೀರೇ ಎತ್ತರ ನಿಂತಿರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಚರಂಡಿ ಎಷ್ಟು ದೊಡ್ಡದು ಮಾಡಿದರೂ ಸುಮ್ನೆ. ಆದರೆ ಕಾರ್ಖಾನೆಯವರು ಆವೆಮಣ್ಣು ನೆನೆಹಾಕುತ್ತಿದ್ದ ಹೊಂಡ ಕೆಳಗಡೆಯೇ ಇತ್ತು, ಅದನ್ನು ಒಂದು ಎಕರೆಗೆ ಅಗಲ ಮಾಡಿದರೆ ಇಡೀ ದಿನದ ಮಳೆಗೆ ನೀರು ಏರುವುದು 90 ಸೆಂಟಿಮೀಟರ್ ಮಾತ್ರ. ಬಾಯಿಗೆ ಕಿಂಡಿ ಅಣೆಕಟ್ಟಿನ ಥರ ಹಲಗೆ ಇಟ್ಟೆವು. ಇಳಿತ ಬಂದಾಗ ತೆಗೆಯುವುದು, ಭರತಕ್ಕೆ ಮುಚ್ಚುವುದು. ದಿನಕ್ಕೆ ಎರಡು ಸಲ ಇಳಿತ ಇದೆಯಲ್ಲ, ಹೊಂಡ ಖಾಲಿಯಾಗಲು ಅಷ್ಟು ಹೊತ್ತು ಸಾಕಾಗುತ್ತದೆ.

ಮನೆಗಳೆಲ್ಲ ಮೇಲಿನ ಭಾಗದಲ್ಲಿ, ಒತ್ತೊತ್ತಾಗಿ, ನಾಲ್ಕು ಮಾಳಿಗೆ ತನಕ. ರಸ್ತೆಗಳನ್ನು ಹೊಳೆಗೆ ಅಡ್ಡವಾಗಿ ಹಾಕದೆ ನೇರ ದಂಡೆಗೆ ಬಿಟ್ಟೆವು, ಗಾಳಿ ಓಣಿಯ ತನಕ ಹೋಗಲಿ ಅಂತ. ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು ತಗ್ಗಿನಲ್ಲಿ ಇಟ್ಟರೆ ಪೈಪಿನ ಖರ್ಚು ಕಮ್ಮಿ. ಆದರೆ ನೆರೆ ಬಂದ ದಿನ ಎಲ್ಲವೂ ಹೊಳೆಗೆ, ಅಲ್ಲಿಂದ ಮರುವಾಯಿ (ಚಿಪ್ಪು) ಹೆಕ್ಕುವವರ ಕೈಗೆ. ಪಂಪಿನ ಖರ್ಚು ಜಾಸ್ತಿ ಆದರೂ ಮೇಲೆಯೇ ಇಟ್ಟೆ, ಇದರಲ್ಲಿ ರಾಜಿ ಮಾಡಿಕೊಳ್ಳಲಿಲ್ಲ.

ಮಣ್ಣು ಪರೀಕ್ಷೆ ಮಾಡಿಸದೆ ಹಳೇ ಕಾರ್ಖಾನೆ ಜಾಗ ಮುಟ್ಟಬೇಡಿ. ನಮ್ಮಲ್ಲಿ ಹಂಚಿನ ಚೂರಿನಿಂದ ತೊಂದರೆ ಇರಲಿಲ್ಲ, ಲಾರಿ ರಿಪೇರಿ ಮಾಡುತ್ತಿದ್ದ ಮೂಲೆಯಲ್ಲಿ ಎಣ್ಣೆ ಆಳಕ್ಕೆ ಇಳಿದಿತ್ತು. ಅಷ್ಟು ಮಣ್ಣನ್ನು ಬೇರೆಯಾಗಿ ತೆಗೆಸಿದೆವು. ಶೆಡ್ಡುಗಳ ಒಳ್ಳೆ ಹಂಚು ಆರಿಸಿ ಸಮುದಾಯ ಭವನದ ಮಾಡಿಗೆ ಹಾಕಿದೆವು.

ಕಡವು ಹಾಗೇ ಇದೆ. ದಂಡೆಯ ಕಾಲುದಾರಿಗೆ ಗೇಟ್ ಬೇಡ ಅಂತ ಹಟ ಹಿಡಿದೆ. ಮೊದಲಿನಿಂದ ಅಲ್ಲಿ ಬಲೆ ಒಣಗಿಸುವವರು ಬಡಾವಣೆ ಬಂತು ಅಂತ ಸುತ್ತು ಹಾಕಿ ಹೋಗಬೇಕಾ? ಆ ದಾರಿ ಎಲ್ಲರಿಗೂ ತೆರೆದಿರಬೇಕು ಅಂತ ಕರಾರಿನಲ್ಲೇ ಬರೆಸಿದೆವು.

ಇನ್ನೂ ಕೈಗೆ ಸಿಗದ್ದು ಕೆಳಗಿನ ಮೂಲೆ. ತಡೆಗೋಡೆ ಬದಲು ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ನೆಟ್ಟಿದ್ದೆವು, ಮೊದಲ ಮಳೆಗಾಲದಲ್ಲೇ ಗಿಡಗಳು ಕೊಚ್ಚಿಹೋದವು. ಎರಡನೇ ಸಲ ತೆಂಗಿನ ಮರದ ದಿಮ್ಮಿ ಅಡ್ಡ ಹಾಕಿ, ಅದರ ಹಿಂದೆ ಕೆಸರು ಕೂತ ಮೇಲೆ ನೆಟ್ಟೆವು. ಈಗ ಮೊಣಕಾಲೆತ್ತರ ಬಂದಿವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮತ್ತೆ ಹೋಗಿ ಎಣಿಸಬೇಕು.