ಹುರುಳಿ ಕಟ್ಟಿಗೊಂದು ಸ್ಲೋ ಕುಕ್ಕರ್: ಮಲೆನಾಡಿನ ಅಡುಗೆಮನೆಯಲ್ಲಿ ನಾನು ಬಳಸುವ ಕ್ರಮ

ಕಾಲು ಕೆ.ಜಿ. ಹುರುಳಿಯನ್ನು ಪ್ರೆಶರ್ ಕುಕ್ಕರಿನಲ್ಲಿ ಆರು ವಿಷಲ್ ಕೂಗಿಸಿದರೆ ಕಾಳು ಬೇಯುತ್ತದೆ, ಕಟ್ಟು ಮಾತ್ರ ನೀರುನೀರಾಗಿರುತ್ತದೆ. ಹಿಂದೆ ದನಕ್ಕೆಂದು ಇಟ್ಟ ಹುರುಳಿ ಬಚ್ಚಲೊಲೆಯಲ್ಲಿ, ಬೆಂಕಿ ನಂದಿದ ಮೇಲೂ ಬೂದಿ ಮುಚ್ಚಿದ ಕೆಂಡದ ಮೇಲೆ ಬೆಳಗಿನವರೆಗೆ ಕೂತಿರುತ್ತಿತ್ತು. ಕಾಳು ಕೊಟ್ಟಿಗೆಗೆ, ಕಟ್ಟು ಮನೆಯವರ ಸಾರಿಗೆ. ಈಗ ನೀರು ಕಾಯಿಸಲು ಸೋಲಾರ್, ಗೀಸರ್ ಬಂದಿವೆ, ಕೆಂಡ ಎಲ್ಲಿಂದ ಬರಬೇಕು? ಆ ಕೆಂಡದ ಕೆಲಸವನ್ನಷ್ಟೇ ನಾನು ಸ್ಲೋ ಕುಕ್ಕರಿಗೆ, ಅಂದರೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಿಂಗಾಣಿ ಪಾತ್ರೆಗೆ, ಕೊಟ್ಟಿದ್ದೇನೆ. ಹಿಂದೆ ರಾತ್ರಿಯಿಡೀ ಕೆಂಡದ ಮೇಲೆ ಬಿಡಬಹುದಾಗಿದ್ದ ಪದಾರ್ಥವಾದರೆ ಇದರಲ್ಲಿ ಚೆನ್ನಾಗಿ ಬರುತ್ತದೆ. ಉರಿ ಜೋರು ಬೇಕಾದದ್ದು ಯಾವುದೂ ಬರುವುದಿಲ್ಲ. ಕೊಂಡು ಆರು ತಿಂಗಳಿಗೆ ಅಟ್ಟಕ್ಕೆ ಹಾಕಿದವರೆಲ್ಲ ಸಾಮಾನ್ಯವಾಗಿ ಇದರಲ್ಲಿ ತೊಗರಿಬೇಳೆ ಹುಳಿ ಮಾಡಲು ಹೋದವರೇ.

ಈ ಪಾತ್ರೆ ಹುಟ್ಟಿದ್ದೂ ಕಾಳು ಬೇಯಿಸಲಿಕ್ಕೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬಾತನಿಗೆ ಇದರ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಯಹೂದಿಗಳು ಸಬ್ಬತ್ ದಿನ (ಶನಿವಾರದ ವಿಶ್ರಾಂತಿ ದಿನ) ಒಲೆ ಹಚ್ಚುವುದಿಲ್ಲವಾದ್ದರಿಂದ ಶುಕ್ರವಾರ ಸಂಜೆಯೇ ಕಾಳು, ಮಾಂಸ ಹಾಕಿದ ಮಡಕೆಯನ್ನು ಆರುತ್ತಿರುವ ಒಲೆಯೊಳಗಿಟ್ಟು ಮಾರನೆಯ ದಿನ ತೆಗೆಯುತ್ತಿದ್ದರು. ಆ ಅಡುಗೆಯ ಬಗ್ಗೆ ತಾಯಿ ಹೇಳಿದ್ದೇ ಅವನಿಗೆ ದಾರಿಯಾಯಿತು. 1971ರಲ್ಲಿ ರೈವಲ್ ಕಂಪನಿ ಅದನ್ನೇ ‘ಕ್ರಾಕ್ ಪಾಟ್’ ಎಂಬ ಹೆಸರಿನಲ್ಲಿ ಮನೆಮನೆಗೆ ಮುಟ್ಟಿಸಿತು.

ಕೊಳ್ಳುವಾಗ ನಾನು ನೋಡುವುದು ಮೂರೇ. ಒಂದು, ಅಳತೆ. ನಾಲ್ಕೈದು ಜನರಿಗೆ ಮೂರೂವರೆ ಲೀಟರ್ ಸಾಕು. ಅರ್ಧದಿಂದ ಮೂರನೇ ಎರಡು ಭಾಗದವರೆಗೆ ತುಂಬಿದಾಗಲೇ ಇದು ಸರಿಯಾಗಿ ಬೇಯಿಸುತ್ತದೆ. ಆರು ಲೀಟರಿನದನ್ನು ತಂದು ಅದರ ತಳದಲ್ಲಿ ಒಂದು ಪಾವು ಕಾಳು ಹಾಕಿದರೆ ಅಂಚು ಹತ್ತುತ್ತದೆ. ಎರಡು, ತಿರುಗಿಸುವ ಗುಂಡಿ ಇರುವುದೇ ಆಗಬೇಕು. ಡಿಜಿಟಲ್ ಪರದೆಯ ಹೆಚ್ಚಿನ ಮಾಡೆಲುಗಳು ಕರೆಂಟು ಹೋಗಿ ಬಂದರೆ ಆಫ್ ಆಗಿಯೇ ಕೂತಿರುತ್ತವೆ. ಗುಂಡಿಯದು ಕರೆಂಟು ಬಂದ ಕೂಡಲೇ ಮತ್ತೆ ಕಾಯಲು ಶುರುಮಾಡುತ್ತದೆ. ಮೂರು, ವೋಲ್ಟೇಜ್. ಅಮೆರಿಕದಿಂದ ಮಕ್ಕಳು ತಂದುಕೊಡುವ ಕುಕ್ಕರು 120 ವೋಲ್ಟಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಕಾವು ಎರಡು ಪಟ್ಟಲ್ಲ, ಸುಮಾರು ಮೂರೂಮುಕ್ಕಾಲು ಪಟ್ಟಾಗುತ್ತದೆ, ಯಾಕೆಂದರೆ ವಿದ್ಯುತ್ತಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕಾಯಿಲ್ ಸುಟ್ಟಿತೆಂದೇ ಲೆಕ್ಕ. 250 ವ್ಯಾಟಿನ ಕುಕ್ಕರಿಗೆ 500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ದುಡ್ಡಿಗೆ ಇನ್ನೊಂದಷ್ಟು ಸೇರಿಸಿದರೆ ಇಲ್ಲಿಯದೇ ಕುಕ್ಕರ್ ಬರುತ್ತದೆ.

ವರ್ಗದ ಈ ಲೆಕ್ಕ ಕೆಳಗಿಳಿಯುವಾಗಲೂ ನಡೆಯುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ಹಳ್ಳಿ ಕಡೆ ವೋಲ್ಟೇಜು 180ಕ್ಕೆ ಬಿದ್ದರೆ, 200 ವ್ಯಾಟಿನ ಕುಕ್ಕರು ಕೊಡುವುದು 120 ವ್ಯಾಟಿನಷ್ಟೇ ಕಾವು. ‘ಎಂಟು ಗಂಟೆ ಇಟ್ಟರೂ ಬೆಂದಿಲ್ಲ’ ಎನ್ನುವ ದೂರಿಗೆ ಅರ್ಧದಷ್ಟು ಕಾರಣ ಇದೇ. ಬಲ್ಬು ಮಂಕಾಗಿದ್ದ ದಿನ ಗುಂಡಿ ಲೋನಲ್ಲಿ (ಸಣ್ಣ ಕಾವು) ಬೇಡ, ಹೈನಲ್ಲೇ (ದೊಡ್ಡ ಕಾವು) ಇಡಬೇಕು.

ಇನ್ನೊಂದು ಕಾರಣ ನಮ್ಮ ಊರಿನ ಎತ್ತರ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರದ ತೊಂಬತ್ತು ಮೀಟರ್ ಆಸುಪಾಸಿನಲ್ಲಿದೆ, ಹಾಸನ ಅದಕ್ಕಿಂತ ನೂರು ಮೀಟರಿನಷ್ಟು ಕೆಳಗೆ. ಇಲ್ಲಿ ನೀರು ಕುದಿಯುವುದೇ 96 ಡಿಗ್ರಿ ಚಿಲ್ಲರೆಗೆ. ಪ್ರೆಶರ್ ಕುಕ್ಕರಿನ ಒಳಗೆ ಕಾವು 120ರ ಹತ್ತಿರ ಹೋಗುವುದರಿಂದ ಅದರಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಸ್ಲೋ ಕುಕ್ಕರಿನಲ್ಲಿ ತಿಳಿಯುತ್ತದೆ. ಪುಸ್ತಕದಲ್ಲಿ ಎಂಟು ಗಂಟೆ ಎಂದಿದ್ದರೆ ಕಾಳಿನ ವಿಷಯದಲ್ಲಿ ನಾನು ಒಂಬತ್ತೂವರೆ ಎಂದೇ ಓದಿಕೊಳ್ಳುತ್ತೇನೆ.

ಹೊಸ ಕುಕ್ಕರನ್ನು ಮೊದಲು ಬರೀ ನೀರಿನಲ್ಲಿ ಪರೀಕ್ಷೆ ಮಾಡಬೇಕು. ಮೂರನೇ ಎರಡು ಭಾಗ ತಣ್ಣೀರು ತುಂಬಿ, ಮುಚ್ಚಿ, ಲೋನಲ್ಲಿ ಎಂಟು ಗಂಟೆ ಇಡಿ. ಮುಚ್ಚಳ ತೆಗೆದ ತಕ್ಷಣ ಅಡುಗೆ ಥರ್ಮಾಮೀಟರ್ ಅದ್ದಿದರೆ 85 ಡಿಗ್ರಿಗಿಂತ ಮೇಲೆ ತೋರಿಸಬೇಕು. ಅದಕ್ಕಿಂತ ಕಡಿಮೆಯಿದ್ದರೆ ಮಾಂಸಕ್ಕೆ ಆ ಕುಕ್ಕರನ್ನು ನಂಬಬೇಡಿ. ಲೋ, ಹೈ ಎರಡೂ ಕೊನೆಗೆ ಹೆಚ್ಚುಕಡಿಮೆ ಒಂದೇ ಕಾವಿಗೆ ಮುಟ್ಟುತ್ತವೆ. ಅಲ್ಲಿಗೆ ಎಷ್ಟು ಬೇಗ ಮುಟ್ಟುತ್ತವೆ ಎಂಬುದರಲ್ಲಷ್ಟೇ ವ್ಯತ್ಯಾಸ.

ಈಗ ಕಟ್ಟಿನ ವಿಷಯ. 250 ಗ್ರಾಂ ಹುರುಳಿಯನ್ನು ಮೊರದಲ್ಲಿ ಹರಡಿ ಕಲ್ಲು ಆರಿಸಿ. ಬೇರೆ ಕಾಳಿಗಿಂತ ಹುರುಳಿಯಲ್ಲಿ ಕಲ್ಲು ಹೆಚ್ಚು, ಅದೂ ಕಾಳಿನದೇ ಬಣ್ಣ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ, ಘಮ್ಮೆನ್ನುವವರೆಗೆ ಹುರಿಯಿರಿ. ಚಟಪಟ ಸಿಡಿಯಲು ಬಿಟ್ಟರೆ ಕಟ್ಟು ಕಹಿ. ತೊಳೆದು, ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಕಲಸಿ ಎಂಟು ಗಂಟೆ ನೆನೆಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಎಲ್ಲ ಮನೆಯಲ್ಲೂ ಇದೆ, ನಿಜವಲ್ಲ. ಕಾಳನ್ನು ಗಟ್ಟಿ ಮಾಡುವುದು ಹುಳಿ ಮತ್ತು ಗಡಸು ನೀರು. ಬೋರ್‌ವೆಲ್ ನೀರಿನ ಸುಣ್ಣದಂಶ ಕಾಳಿನ ಸಿಪ್ಪೆಯ ಪೆಕ್ಟಿನ್‌ಗೆ ಅಂಟಿ ಅದನ್ನು ಬಿಗಿಯಾಗಿಸುತ್ತದೆ. ಅರಸೀಕೆರೆ ಕಡೆಯ ಬೋರ್ ನೀರಾದರೆ ಅಡುಗೆಗೆ ಫಿಲ್ಟರ್ ನೀರು ಹಾಕುವುದೇ ಒಳ್ಳೆಯದು. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಆದರೆ ಕಟ್ಟು ಲೋಳೆಯಾಗಿ ಸೋಪಿನ ವಾಸನೆ ಹೊಡೆಯುತ್ತದೆ.

ನೆನೆದ ನೀರು ಚೆಲ್ಲಿ. ಒಂದೂಮುಕ್ಕಾಲು ಲೀಟರ್ ಹೊಸ ನೀರಿನಲ್ಲಿ ಕಾಳನ್ನು ಗ್ಯಾಸ್ ಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ, ನೊರೆ ತೆಗೆದು, ಬಿಸಿಬಿಸಿಯಾಗಿಯೇ ಕುಕ್ಕರಿಗೆ ಸುರಿಯಿರಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ತಣ್ಣೀರಿನಿಂದ ಶುರುಮಾಡಿದರೆ ಕಾವೇರುವುದಕ್ಕೇ ಎರಡು ಮೂರು ಗಂಟೆ ಹೋಗುತ್ತದೆ. ಆದರೆ ಪಿಂಗಾಣಿ ಪಾತ್ರೆ ಫ್ರಿಜ್ಜಿನಲ್ಲಿದ್ದದ್ದೋ ಚಳಿಗೆ ಕೊರೆಯುತ್ತಿರುವುದೋ ಆದರೆ ಕುದಿನೀರು ಬಿದ್ದ ಕೂಡಲೇ ಟಕ್ ಎಂದು ಸೀಳುತ್ತದೆ. ಮೊದಲು ನಲ್ಲಿ ನೀರು, ಆಮೇಲೆ ಬಿಸಿನೀರು ಹಾಕಿ ಚೆಲ್ಲಿ ಪಾತ್ರೆಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಲೋನಲ್ಲಿ ಹತ್ತು ಗಂಟೆ, ಇಲ್ಲವೆ ಹೈನಲ್ಲಿ ಆರು. ಮಧ್ಯೆ ಮುಚ್ಚಳ ತೆಗೆದು ಇಣುಕಿದರೆ ಪ್ರತಿ ಸಲಕ್ಕೂ ಇಪ್ಪತ್ತರಿಂದ ಮೂವತ್ತು ನಿಮಿಷ ದಂಡ.

ಬೆಂದದ್ದಕ್ಕೆ ಗುರುತು: ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಜಾರದೆ ಒಟ್ಟಿಗೇ ಮೆತ್ತಗಾಗಬೇಕು. ಒಳಗೆ ಬಿಳಿ ಹಿಟ್ಟು ಉಳಿದಿರಬಾರದು. ಬಸಿದರೆ ಒಂದೂವರೆ ಲೀಟರಿನಷ್ಟು ಕಟ್ಟು ಸಿಗುತ್ತದೆ. ಒಲೆಯ ಕಟ್ಟಿನಷ್ಟು ಗಟ್ಟಿ ಇರುವುದಿಲ್ಲ, ಯಾಕೆಂದರೆ ಸ್ಲೋ ಕುಕ್ಕರಿನಲ್ಲಿ ನೀರು ಆವಿಯಾಗಿ ಹೋಗುವುದು ತೀರ ಕಡಿಮೆ. ಈ ಯಂತ್ರದ ದೊಡ್ಡ ಕೊರತೆ ಇದು, ಸುಮ್ಮನೆ ಒಪ್ಪಿಕೊಳ್ಳಬೇಕು. ಕಟ್ಟನ್ನು ಅಗಲ ಬಾಯಿಯ ಪಾತ್ರೆಗೆ ಹಾಕಿ ಜೋರು ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ ಒಂದು ಲೀಟರಿಗೆ ಇಳಿಸುತ್ತೇನೆ. ಆಗ ಕಾಫಿ ಡಿಕಾಕ್ಷನ್ನಿನ ಬಣ್ಣ ಬರುತ್ತದೆ. ನೆಲ್ಲಿಕಾಯಿ ಗಾತ್ರದ ಹುಣಸೆ, ಎರಡು ಚಮಚ ಸಾರಿನ ಪುಡಿ, ಉಪ್ಪು, ಚೂರು ಬೆಲ್ಲ ಬೀಳುವುದು ಆಮೇಲೆ. ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ ತುಪ್ಪದಲ್ಲಿ ಕೆಂಪಗೆ ಹುರಿದು ಒಣಮೆಣಸು, ಇಂಗು, ಕರಿಬೇವಿನ ಜೊತೆ ಒಗ್ಗರಣೆ. ಬಸ್ಸಾರು ಬೇಕೆಂದವರು ಎರಡು ಸೌಟು ಕಾಳನ್ನು ಕಾಯಿ, ಸುಟ್ಟ ಈರುಳ್ಳಿ, ಮೆಣಸಿನ ಜೊತೆ ರುಬ್ಬಿ ಸೇರಿಸಿದರೆ ಮುದ್ದೆಗೆ ಹಿಡಿಯುವಷ್ಟು ಮಂದವಾಗುತ್ತದೆ. ಉಳಿದ ಕಾಳು ಪಲ್ಯಕ್ಕೆ.

ಹುಣಸೆ, ಟೊಮೆಟೊ ಕೊನೆಗೆ ಎಂಬುದು ಆಲೂಗಡ್ಡೆಗೂ ಅನ್ವಯ. ಹಾಸನದ ಆಲೂಗಡ್ಡೆ ಎಷ್ಟೇ ಚೆನ್ನಾಗಿರಲಿ, ಟೊಮೆಟೊ ಜೊತೆ ಹಾಕಿದರೆ ಏಳು ಗಂಟೆ ಕಳೆದರೂ ಕಚಕ್ ಎನ್ನುತ್ತದೆ. ಮಾಂಸದ ಜೊತೆ ಹಾಕುವುದಾದರೆ ಹೋಳು ಸಣ್ಣದಾಗಿರಲಿ, ತಳಕ್ಕೂ ಅಂಚಿಗೂ ತಾಗುವಂತೆ ಕೆಳಗಿರಲಿ. ಕಾವು ಬರುವುದು ಅಲ್ಲಿಂದಲೇ, ಮೇಲಿನಿಂದಲ್ಲ.

ಕಾಲು ಸೂಪಿಗೆ ಇದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಸುಟ್ಟು ಕೊಚ್ಚಿಸಿ ತಂದ ನಾಲ್ಕು ಮೇಕೆ ಕಾಲನ್ನು ಅರಿಶಿನ ಹಚ್ಚಿ ಉಜ್ಜಿ ತೊಳೆದು, ಐದು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಬೇಕು. ಸುಟ್ಟ ಕೂದಲಿನ ವಾಸನೆ ಹೋಗುವುದು ಆಗಲೇ. ಎರಡು ಲೀಟರ್ ಬಿಸಿನೀರು, ಒಂದು ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಒಂದೂವರೆ ಚಮಚ ಕುಟ್ಟಿದ ಕಾಳುಮೆಣಸು. ಲೋನಲ್ಲಿ ಹನ್ನೆರಡು ಗಂಟೆ. ಚಕ್ಕೆ ಲವಂಗ ಒಲೆಯ ಅಳತೆಯ ಅರ್ಧ ಸಾಕು, ಇಷ್ಟು ಹೊತ್ತು ಕೂತರೆ ಮೂಗಿಗೆ ಹೊಡೆಯುತ್ತವೆ. ಫ್ರಿಜ್ಜಿನಲ್ಲಿಟ್ಟಾಗ ಸೂಪು ಅಲ್ಲಾಡುವ ಗಟ್ಟಿಯಾದರೆ ಕೊಲ್ಯಾಜನ್ ಕರಗಿ ಜಿಲಾಟಿನ್ ಆಗಿದೆ ಎಂದರ್ಥ. ನೀರಾಗಿಯೇ ಉಳಿದರೆ ನೀರು ಹೆಚ್ಚಾಗಿದೆ ಅಥವಾ ಹೊತ್ತು ಸಾಲದು.

ನಾಟಿ ಕೋಳಿ ಒಂದು ಕೆ.ಜಿ.ಗೆ ಲೋನಲ್ಲಿ ಏಳು ಗಂಟೆ. ಕಾಫಿ ಕೊಯ್ಲಿನ ದಿನಗಳಲ್ಲಿ, ಸಂಜೆ ಹಣ್ಣಿನ ತೂಕ ಮುಗಿಸಿ ಕಣದಿಂದ ಬರುವಾಗ ಏಳು ದಾಟಿರುತ್ತದೆ. ಆಗ ಇದರ ಬೆಲೆ ಗೊತ್ತಾಗುವುದು. ಈರುಳ್ಳಿ, ಮಾಂಸ ಎರಡನ್ನೂ ಬಾಣಲೆಯಲ್ಲಿ ಬಾಡಿಸಿ ಕೆಂಪಗೆ ಮಾಡಿಯೇ ಹಾಕಬೇಕು, ಇಲ್ಲದಿದ್ದರೆ ಆಸ್ಪತ್ರೆ ಸೂಪಿನ ಬಣ್ಣ. ನೀರು ಕಾಲು ಲೀಟರಿಗಿಂತ ಹೆಚ್ಚು ಬೇಡ, ಕೋಳಿಯೇ ಬಿಡುತ್ತದೆ. ರುಬ್ಬಿದ ಕಾಯಿ ಮಸಾಲೆ ಕೊನೆಯ ಅರ್ಧ ಗಂಟೆಗೆ, ಹೈನಲ್ಲಿ. ಮೊದಲೇ ಹಾಕಿದರೆ ಕಾಯಿ ಒಡೆದು ಎಣ್ಣೆ ಒಂದು ಕಡೆ, ಚರಟ ಒಂದು ಕಡೆ. ಬ್ರಾಯ್ಲರ್ ಕೋಳಿಯನ್ನು ಇದರಲ್ಲಿ ನಾಲ್ಕು ಗಂಟೆ ಬಿಟ್ಟರೆ ಎಲುಬು ಬೇರೆ, ನಾರು ಬೇರೆ. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ಯಾವತ್ತೂ ನೇರ ಹಾಕಬಾರದು. 60 ಡಿಗ್ರಿ ದಾಟುವ ಮೊದಲೇ ಕೆಡಲು ಬೇಕಾದಷ್ಟು ಹೊತ್ತು ಅದಕ್ಕೆ ಸಿಗುತ್ತದೆ.

ಹಾಕಲೇಬಾರದ್ದು ರಾಜ್ಮಾ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ವಿಷ 80 ಡಿಗ್ರಿಯ ಸುಮಾರಿನಲ್ಲಿ ಸಾಯುವುದಿಲ್ಲ, ಅರೆಬೆಂದ ಕಾಳು ಹಸಿಯದಕ್ಕಿಂತಲೂ ಅಪಾಯ. ನಾಲ್ಕೈದು ಕಾಳೇ ಸಾಕು, ಒಂದೆರಡು ಗಂಟೆಯಲ್ಲಿ ವಾಂತಿ ಶುರುವಾಗಲು. ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಅರ್ಧ ಗಂಟೆ ಕುದಿಸಿದ ಮೇಲೆ ಹಾಕಬಹುದು, ಆದರೆ ಅಷ್ಟು ಮಾಡುವ ಬದಲು ಪ್ರೆಶರ್ ಕುಕ್ಕರಿಗೇ ಹಾಕಿ ಮುಗಿಸಿ. ಅವರೆಕಾಳಿನ ಸೀಸನ್ನಿನಲ್ಲಿ ಹಸಿ ಅವರೆಗೂ ಇದು ಬೇಡ, ಒಲೆಯ ಮೇಲೆ ಬೇಗ ಬೇಯುವುದನ್ನು ಇಲ್ಲಿಟ್ಟು ಕರಗಿಸುವುದೇಕೆ? ಸೊಪ್ಪು, ಹಾಲು, ಮುದ್ದೆ ಇವೂ ಬೇಡ.

ಕರೆಂಟಿನ ಖರ್ಚು ಹೆದರುವಷ್ಟಿಲ್ಲ. 150 ವ್ಯಾಟಿನಲ್ಲಿ ಹತ್ತು ಗಂಟೆ ಎಂದರೆ ಒಂದೂವರೆ ಯೂನಿಟ್. ಗೃಹಜ್ಯೋತಿಯವರು ಮಾತ್ರ, ಹಳೆಯ ಸರಾಸರಿ ತಿಂಗಳಿಗೆ 48 ಯೂನಿಟ್ ಮೀರಿದ್ದರೆ, ಅದರ ಮೇಲೆ ಉಚಿತವಾಗಿ ಸಿಗುವುದು ಶೇ. 10 ಎಂಬುದನ್ನು ನೆನಪಿಟ್ಟುಕೊಳ್ಳಲಿ. ತಿಂಗಳಿಗೆ ಹತ್ತು ಸಲ ಇಟ್ಟರೆ 15 ಯೂನಿಟ್ ಹೆಚ್ಚುತ್ತದೆ, ಸರಾಸರಿ ನೂರಿದ್ದವರು ಮಿತಿ ದಾಟುತ್ತಾರೆ. ಮನೆಯ ಇನ್ವರ್ಟರ್ ಇಷ್ಟು ಲೋಡನ್ನು ಒಂದೆರಡು ಗಂಟೆ ಸುಲಭವಾಗಿ ಎಳೆಯುತ್ತದೆ. ಇನ್ವರ್ಟರ್ ಇಲ್ಲದೆ ಮಳೆಗಾಲದ ರಾತ್ರಿ ಮಾಂಸ ಇಡುವುದಾದರೆ ಬೆಳಿಗ್ಗೆ ಮೊದಲ ಕೆಲಸ ಥರ್ಮಾಮೀಟರ್ ಅದ್ದುವುದು. 60ಕ್ಕಿಂತ ಕೆಳಗಿದ್ದರೆ, ಇಲ್ಲವೆ ಕರೆಂಟು ಎಷ್ಟು ಹೊತ್ತು ಹೋಗಿತ್ತೆಂದು ಗೊತ್ತಿಲ್ಲದಿದ್ದರೆ ಚೆಲ್ಲಿಬಿಡಿ, ಮತ್ತೆ ಕುದಿಸಿ ಸರಿಮಾಡಲು ಹೋಗಬೇಡಿ. ಗುಂಡಿಯ ಕುಕ್ಕರು ಕರೆಂಟು ಬಂದ ಮೇಲೆ ಮತ್ತೆ ಬಿಸಿಯಾಗಿ ಮೋಸ ಮಾಡುತ್ತದೆ. ಅದೇ ಸಾಕೆಟ್ ಬೋರ್ಡಿಗೆ ಕರೆಂಟು ಹೋದರೆ ಸೊನ್ನೆಗೆ ಬಂದು ಮಿಣುಕುವ ಒಂದು ಅಗ್ಗದ ಡಿಜಿಟಲ್ ಗಡಿಯಾರ ಸಿಕ್ಕಿಸಿಟ್ಟರೆ ಮರಳಿ ಬಂದು ಎಷ್ಟು ಹೊತ್ತಾಯಿತೆಂದು ಅದೇ ಹೇಳುತ್ತದೆ.

ಆದ ಅಡುಗೆಯನ್ನು ಅದೇ ಪಾತ್ರೆಯಲ್ಲಿ ಆರಲು ಬಿಡಬಾರದು. ದಪ್ಪ ಪಿಂಗಾಣಿ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ, ಕಟ್ಟು ಹಳಸುವುದು ಹಾಗೆಯೇ. ಅಗಲವಾದ ಸ್ಟೀಲ್ ಪಾತ್ರೆಗೆ ಸುರಿದು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮತ್ತೆ ಬಿಸಿ ಮಾಡುವುದು ಗ್ಯಾಸ್ ಮೇಲೆ.

ಪಿಂಗಾಣಿಯ ಇದೇ ಗುಣ ಚಳಿಗಾಲದಲ್ಲಿ ಮೊಸರಿಗೆ ಬರುತ್ತದೆ. ಖಾಲಿ ಕುಕ್ಕರನ್ನು ಲೋನಲ್ಲಿ ಹದಿನೈದು ನಿಮಿಷ ಬೆಚ್ಚಗೆ ಮಾಡಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಕಾಯಿಸಿ 43 ಡಿಗ್ರಿಗೆ ಆರಿಸಿದ ಹಾಲಿಗೆ ಹೆಪ್ಪು ಹಾಕಿ, ಪಾತ್ರೆ ಸಮೇತ ಒಳಗಿಟ್ಟು ಮುಚ್ಚಿ ಮೇಲೊಂದು ಟವೆಲ್ ಹೊದಿಸಿ. ಅಡುಗೆ ಬಿಸಿಯಾಗಿಡುವ ವಾರ್ಮ್‌ನಲ್ಲಿ ಇಟ್ಟರೆ 60 ದಾಟಿ ಹೆಪ್ಪು ಸತ್ತುಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಇಟ್ಟದ್ದು ಬೆಳಿಗ್ಗೆ ಆರಕ್ಕೆ ಗಟ್ಟಿಯಾಗಿರುತ್ತದೆ, ಎಂಟರವರೆಗೆ ಬಿಟ್ಟರೆ ಹುಳಿ.