ಎಣಿಕೆ ಇಳಿಸಿ, ಭಾರ ಏರಿಸಿ: ಹೊಟ್ಟೆಯ ಸ್ನಾಯುಗಳನ್ನು ಗಟ್ಟಿಗೊಳಿಸಿದ ನನ್ನ ಅನುಭವ

ಹೊಟ್ಟೆಯ ವ್ಯಾಯಾಮಕ್ಕೆ ಭಾರ ಬಳಸಿದರೆ ಸೊಂಟ ದಪ್ಪವಾಗುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ ಎಂದು ಜಿಮ್‌ನ ಜೊತೆಗಾರರು ಹೆಚ್ಚುಕಡಿಮೆ ಎಲ್ಲರೂ ನನ್ನನ್ನು ಎಚ್ಚರಿಸಿದ್ದರು. ದಿನವೂ ನೂರಾರು ಕ್ರಂಚ್ (ಅಂಗಾತ ಮಲಗಿ ಭುಜಗಳನ್ನಷ್ಟೇ ಎತ್ತಿ ಹೊಟ್ಟೆ ಮಡಚುವುದು) ಮಾಡುವುದನ್ನು ಬಿಟ್ಟು, ವಾರಕ್ಕೆ ಮೂರೇ ದಿನ, ಸೆಟ್ಟಿಗೆ (ಒಂದು ಸುತ್ತಿಗೆ) 8ರಿಂದ 12 ರೆಪ್‌ಗಳಂತೆ (ಪುನರಾವರ್ತನೆಗಳಂತೆ) ಭಾರ ಹಿಡಿದು ಮಾಡತೊಡಗಿ ನಾಲ್ಕೈದು ತಿಂಗಳು ಕಳೆದ ಮೇಲೆ, ಅವರಲ್ಲೇ ಹಲವರು ನನ್ನ ಪಟ್ಟಿಯನ್ನು ಕೇಳಿ ಬರೆದುಕೊಂಡಿದ್ದಾರೆ.

ಇದಕ್ಕೂ ಮೊದಲಿನ ಒಂದೆರಡು ವರ್ಷ ಪಾದಗಳನ್ನು ಬೆಂಚಿಗೆ ಸಿಕ್ಕಿಸಿ ಮಾಡುವ ಸಿಟ್-ಅಪ್‌ಗಳಲ್ಲೇ ಕಳೆದವು. ಪಾದ ಸಿಕ್ಕಿಕೊಂಡಿದ್ದಾಗ ದೇಹವನ್ನು ಮೇಲೆಳೆಯುವ ಕೆಲಸದ ದೊಡ್ಡ ಪಾಲು ತೊಡೆಸಂದಿನ ಸ್ನಾಯುಗಳಿಗೇ ಹೋಗುತ್ತದೆ. ಹೊಟ್ಟೆ ಹಾಗೆಯೇ ಉಳಿದು ಸೊಂಟ ಮಾತ್ರ ಬಿಗಿಯುತ್ತಿತ್ತು. ಹಣ ಹೆಚ್ಚು ಪೋಲಾದದ್ದು ವಿದ್ಯುತ್ ಮಿಡಿತ ಕೊಡುವ ಬೆಲ್ಟಿನಲ್ಲಿ. ಅದು ಸ್ನಾಯುವನ್ನು ಅದುರಿಸುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಕಟ್ಟಿಕೊಂಡರೂ ಕನ್ನಡಿಯಲ್ಲಾಗಲಿ ಬಲದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕೊಂಡ ಸಾಮಾನುಗಳಲ್ಲಿ ಈಗಲೂ ಬಳಕೆಯಲ್ಲಿರುವುದು ಎಲ್ಲಕ್ಕಿಂತ ಅಗ್ಗವಾದ ಆ್ಯಬ್ ವೀಲ್ (ಎರಡೂ ಬದಿ ಹಿಡಿಕೆಯಿರುವ, ನೆಲದ ಮೇಲೆ ಮುಂದಕ್ಕೆ ಉರುಳಿಸುವ ಪುಟ್ಟ ಚಕ್ರ) ಒಂದೇ.

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ರಿವರ್ಸ್ ಕ್ರಂಚ್‌ಗೆ. ತಲೆಯ ಹಿಂದೆ ನೆಲದ ಮೇಲಿಟ್ಟ ಭಾರವಾದ ಡಂಬೆಲ್ ಒಂದನ್ನು ಆಧಾರಕ್ಕೆ ಹಿಡಿದು ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರನ್ನು ಪೂರ್ತಿ ಹೊರಹಾಕಿ ಪಕ್ಕೆಲುಬುಗಳು ಕೆಳಗಿಳಿದ ಮೇಲಷ್ಟೇ ಸೊಂಟವನ್ನು ಸುರುಳಿ ಸುತ್ತಿದಂತೆ ನೆಲದಿಂದ ಎತ್ತುತ್ತೇನೆ. ಕಾಲು ಬೀಸಿ ಎತ್ತಿದ ರೆಪ್ ಅನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಳಿಸುವಾಗ ನಾಲ್ಕು ಎಣಿಸುವಷ್ಟು ಹೊತ್ತು ತೆಗೆದುಕೊಂಡು, ಬೆನ್ನುಮೂಳೆಯ ಒಂದೊಂದೇ ಗಂಟು ಮ್ಯಾಟಿಗೆ ತಾಗುವಂತೆ ಇಳಿದರೆ, ಹಿಂದೆ ನೂರು ಕ್ರಂಚ್ ಮಾಡಿದವರಿಗೂ ಎಂಟನೆಯದಕ್ಕೆ ಹೊಕ್ಕುಳ ಕೆಳಗೆ ನಡುಕ ಹುಟ್ಟುತ್ತದೆ.

ಎರಡನೆಯದು ಮಂಡಿಯೂರಿ ಮಾಡುವ ಕೇಬಲ್ ಕ್ರಂಚ್. ಮೇಲಿನಿಂದ ಭಾರ ಎಳೆಯುವ ಕೇಬಲ್ ಯಂತ್ರದ ಹಗ್ಗವನ್ನು ಕಿವಿಗಳ ಪಕ್ಕದಲ್ಲೇ ಕದಲದಂತೆ ಹಿಡಿದು, ಪೃಷ್ಠವನ್ನು ಹಿಮ್ಮಡಿಯತ್ತ ಜಾರಗೊಡದೆ, ಎದೆಗೂಡು ಸೊಂಟದ ಕಡೆಗೆ ಮಡಚಿಕೊಳ್ಳಬೇಕು. ಸುಮಾರು 20 ಕಿಲೋದಿಂದ ಶುರುಮಾಡಿ 45ರ ಆಸುಪಾಸಿಗೆ ಬಂದಿದ್ದೇನೆ. ಬೆನ್ನು ಒಮ್ಮೆಯೂ ತಕರಾರು ಮಾಡಿಲ್ಲ. ಭಾರ ಏರಿಸುವ ದಿನವನ್ನು ಹೇಗೆ ಗೊತ್ತುಮಾಡುತ್ತೇನೆ ಎಂಬ ಲೆಕ್ಕವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಮೊಣಕೈ, ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ನಿಲ್ಲಿಸುವ ಪ್ಲ್ಯಾಂಕ್ ಅನ್ನು ಮೂರು ನಿಮಿಷದಿಂದ 20 ಸೆಕೆಂಡಿಗೆ ಇಳಿಸಿದೆ. ಪೃಷ್ಠವನ್ನು ಬಿಗಿದು, ಮೊಣಕೈಗಳನ್ನು ಕಾಲ್ಬೆರಳುಗಳ ಕಡೆಗೆ ಎಳೆಯುವಂತೆ ಒತ್ತಿದರೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ.

ನಡುವೆ ಕೆಲವು ವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಉಡ್ಡಿಯಾನ ಬಂಧವನ್ನೂ (ಉಸಿರನ್ನು ಪೂರ್ತಿ ಹೊರಬಿಟ್ಟು ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳುವ ಯೋಗಕ್ರಿಯೆ) ಪ್ರಯೋಗಿಸಿದೆ. ಅದರಿಂದ ಸ್ನಾಯು ಉಬ್ಬಲಿಲ್ಲ, ಆದರೆ ಉಸಿರು ಪೂರ್ತಿ ಹೋದಾಗ ಪಕ್ಕೆಲುಬು ಎಲ್ಲಿರುತ್ತದೆ ಎಂಬ ಅರಿವು ಮೂಡಿ, ಆ್ಯಬ್ ವೀಲ್ ಉರುಳಿಸುವಾಗ ಕೆಳಬೆನ್ನು ಜೋತುಬೀಳುವುದು ನಿಂತಿತು. ಡಂಬೆಲ್ ಹಿಡಿದು ಪಕ್ಕಕ್ಕೆ ಬಾಗುವ ವ್ಯಾಯಾಮವನ್ನು ಕೈಬಿಟ್ಟು, ಒಂದೇ ಕೈಯಲ್ಲಿ ಭಾರ ಹೊತ್ತು ನೇರವಾಗಿ ನಡೆಯುವುದನ್ನು ಸೇರಿಸಿದೆ; ಪಕ್ಕದ ಸ್ನಾಯುಗಳಿಗೆ ಅದೇ ಹೆಚ್ಚು ಹಿಡಿಸಿತು.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂದು ನಂಬಿದವರು ಈಗಲೂ ಇದ್ದಾರೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ವಾರ ಹೊಟ್ಟೆಯ ವ್ಯಾಯಾಮವನ್ನಷ್ಟೇ ಮಾಡಿದವರ ಹೊಟ್ಟೆಯ ಸ್ನಾಯುಗಳ ತಾಳಿಕೆ ಹೆಚ್ಚಿತೇ ಹೊರತು ಕೊಬ್ಬು ಇಳಿಯಲಿಲ್ಲ. ನನ್ನ ಸೊಂಟದ ಸುತ್ತಳತೆ ಆರೇಳು ಸೆಂಟಿಮೀಟರ್ ಇಳಿದದ್ದು ಊಟದ ಪ್ರಮಾಣವನ್ನು ತಗ್ಗಿಸಿದ ಮೇಲೆಯೇ. ಆ ಕೊಬ್ಬಿನ ಅಡಿಯಲ್ಲಿ ಕಾಣಿಸಲು ಸ್ನಾಯು ಇದ್ದದ್ದು ಮಾತ್ರ ಭಾರದಿಂದ.

ಡಿಸ್ಕ್ ತೊಂದರೆ ಇರುವವರು, ಹೆರಿಗೆಯ ನಂತರ ಹೊಟ್ಟೆಯ ಸ್ನಾಯುಗಳ ನಡುವೆ ಅಂತರ ಉಳಿದಿರುವವರು ಫಿಸಿಯೋಥೆರಪಿಸ್ಟ್‌ಗೆ ತೋರಿಸದೆ ಈ ಪಟ್ಟಿಗೆ ಕೈಹಾಕಬಾರದು. ನಾನು ಈಗ ಮಂಡಿಯೂರುವುದನ್ನು ಬಿಟ್ಟು, ನಿಂತೇ ಆ್ಯಬ್ ವೀಲ್ ಉರುಳಿಸುವ ಹಂತದಲ್ಲಿದ್ದೇನೆ. ಎದುರಿಗೆ ಗೋಡೆಯನ್ನು ತಡೆಯಾಗಿಟ್ಟುಕೊಂಡು ದೂರವನ್ನು ಒಂದೊಂದು ಗೇಣಿನಷ್ಟು ಹೆಚ್ಚಿಸುತ್ತಿದ್ದೇನೆ.