ಎಪ್‌ಕಾಟ್‌ನ ಜಪಾನ್ ಅಂಗಳ: ನೋಡುವುದು ಹೇಗೆ?

ತೀರ್ಥಹಳ್ಳಿ, ಸಾಗರದಿಂದ ಅಮೆರಿಕದ ಮಕ್ಕಳ ಮನೆಗೆ ಹೋದವರಿಗೆ ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡುವ ಯೋಗ ಬರುವುದುಂಟು. ಅಲ್ಲಿನ ಎಪ್‌ಕಾಟ್ ಪಾರ್ಕು ತೆರೆದದ್ದು 1982ರಲ್ಲಿ. ಕೊಳವೊಂದರ ಸುತ್ತ 11 ದೇಶಗಳ ಅಂಗಳಗಳು. ಒಂದು ಸುತ್ತಿಗೆ ಸುಮಾರು 2 ಕಿ.ಮೀ. ಎಲ್ಲ ದೇಶಕ್ಕೂ ಹಾಜರಿ ಹಾಕಹೊರಟರೆ ಉಳಿಯುವುದು ಮಂಡಿನೋವು. ಹೆಂಚಿನ ಮಾಡು, ಮರ, ಮಳೆ ಬಲ್ಲ ಮಲೆನಾಡಿಗರು ಜಪಾನ್‌ಗೆ ಒಂದೂವರೆ ಗಂಟೆ ಎತ್ತಿಡಲಿ.

ದೇಶಗಳ ಈ ಭಾಗ ಸಾಮಾನ್ಯವಾಗಿ ತೆರೆಯುವುದು ಬೆಳಿಗ್ಗೆ 11ಕ್ಕೆ. ಕೊಳ ಬಲಕ್ಕಿರುವಂತೆ ಪ್ರದಕ್ಷಿಣೆ ಹೊರಟರೆ ಮೆಕ್ಸಿಕೊ ಮೊದಲು, ಜಪಾನ್ ಏಳನೆಯದು. ಅಪ್ರದಕ್ಷಿಣೆ ಬಂದರೆ ಕೆನಡಾ, ಬ್ರಿಟನ್, ಫ್ರಾನ್ಸ್, ಮೊರಾಕೊ ಆದ ಮೇಲೆ ಐದನೆಯದು. ದೇವಸ್ಥಾನವೇನಲ್ಲ, ನಡೆಯುತ್ತದೆ. ನಡೆಯಲಾಗದವರಿಗೆ ಕೆನಡಾ ಬದಿಯಿಂದ ಮೊರಾಕೊಗೆ ದೋಣಿ ಇದೆ; ಬೇರೆ ಟಿಕೆಟ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಾಮೂಲು, ಮಿಂಚಿದರೆ ದೋಣಿ ನಿಲ್ಲುತ್ತದೆ.

ಮೊದಲು ನೀರಿನಂಚಿನ ಕೆಂಪು ತೋರಣಗಂಬಕ್ಕೆ ಹೋಗಿ. ಜಪಾನಿಯಲ್ಲಿ ಇದರ ಹೆಸರು ‘ತೋರಿ’; ಹಿರೋಶಿಮಾ ಬಳಿಯ ಇತ್ಸುಕುಶಿಮಾ ದೇಗುಲದ ಸಮುದ್ರದ್ವಾರದ ನಕಲು. ಕಂಬದ ಬುಡ ನೋಡಿ: ಕೊಳದಲ್ಲಿ ಹುಟ್ಟದ ಸಮುದ್ರದ ಚಿಪ್ಪುಗಳನ್ನು, ಹಳೆಯದೆಂದು ಕಾಣಲಿ ಎಂದು, ಅಂಟಿಸಿದ್ದಾರೆ! ಅಲ್ಲಿಂದಲೇ ತಿರುಗಿ ಪಗೋಡದ, ಅಂದರೆ ಬೌದ್ಧ ಗೋಪುರದ, ಫೋಟೊ ತೆಗೆಯಿರಿ. ಸಂಜೆಗೆ ಬಿಟ್ಟರೆ ಸೂರ್ಯ ಅದರ ಬೆನ್ನಿಗೆ ಹೋಗಿ ಚಿತ್ರ ಕಪ್ಪಾಗುತ್ತದೆ.

ಐದಂತಸ್ತಿನ ಈ ಪಗೋಡಕ್ಕೆ ನಾರಾದ ಹೋರ್ಯೂಜಿ ದೇಗುಲದ್ದು ಮಾದರಿ. ಕೆಳಗಿನಿಂದ ಎಣಿಸಿ: ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ನಮ್ಮ ಪಂಚಭೂತಗಳೇ, ಬೌದ್ಧಧರ್ಮದ ಜೊತೆ ಅಲ್ಲಿಗೆ ಹೋದವು. ಸೂರು ಗೋಡೆಯಿಂದ ಎಷ್ಟು ಮುಂದೆ ಚಾಚಿದೆ ಗಮನಿಸಿ. ಜಪಾನಿನಲ್ಲೂ ಮಳೆ ಜೋರು, ಎರಚಲು ಮರದ ಗೋಡೆಗೆ ತಾಗಬಾರದು. ಡೊಳ್ಳು ಕೇಳಿದ ಕಿವಿಗೆ ಇಲ್ಲಿನ ತೈಕೊ, ಜಪಾನಿನ ನಗಾರಿ, ಹಿಡಿಸುತ್ತದೆ. ಬಾರಿಸುವ ವೇಳೆಯನ್ನು ಡಿಸ್ನಿ ಆ್ಯಪ್‌ನಲ್ಲಿ ಮೊದಲೇ ನೋಡಿಡಿ.

ಬಲಗಡೆ ಮಿತ್ಸುಕೋಶಿ ಅಂಗಡಿ. 1673ರಲ್ಲಿ ಬಟ್ಟೆ ಮಾರಲು ಶುರುವಾದ ವ್ಯಾಪಾರ. ಹೆಚ್ಚಿನವರು ಎಡವುವುದು ಇಲ್ಲೇ: ಎಸಿಯ ತಂಪಿಗೆ ಒಳಹೊಕ್ಕು, ಸಾಮಾನು ನೋಡುತ್ತ ಗಂಟೆ ಕಳೆದು ವಾಪಸಾಗುತ್ತಾರೆ. ಹಿಂಬದಿಯ ಬಿಳಿ ಕೋಟೆ ಉಳಿದೇಬಿಡುತ್ತದೆ. ಹಿಮೇಜಿ ಕೋಟೆಯನ್ನು ಹೋಲುವ ಅದರೊಳಗೆ ಕಲಾ ಪ್ರದರ್ಶನವಿದೆ, ಜನ ಕಡಿಮೆ. ಅಂಗಡಿ ಕೊನೆಗಿರಲಿ.

ಊಟದ ವಿಷಯ. ತರಕಾರಿ ಉದೋನ್ ಶಾವಿಗೆ ಎಂದು ನಂಬಿ ಕೂರಬೇಡಿ. ಅದರ ಸಾರಿಗೆ ದಾಶಿ ಎಂಬ ಒಣಮೀನಿನ ರಸ ಹಾಕುವುದು ಜಪಾನಿನ ವಾಡಿಕೆ. "ಮಾಂಸ ಇದೆಯಾ" ಎಂದರೆ ಇಲ್ಲ ಎಂದಾರು, ಮೀನನ್ನು ಹೆಸರಿಟ್ಟೇ ಕೇಳಿ. ಬಾಯಾರಿಕೆಗೆ ಕಕಿಗೋರಿ ಸಾಕು, ನಮ್ಮ ಜಾತ್ರೆಯ ಐಸ್‌ಗೋಲದ ಬಂಧು. ಕೋಡುಬಳೆ, ಚಕ್ಕುಲಿ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಬಾಟಲಿ ಬಿಡುವುದಿಲ್ಲ, ಅಪ್ಪೆಮಿಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ.